ಎಫ್‌ಪಿವಿಗೆ ವಿಮಾನ ಆರಿಸುವ ಕ್ರಮ: ಹೊರೆಯ ಲೆಕ್ಕ ಮೊದಲು, ಮಾದರಿಯ ಹೆಸರು ಆಮೇಲೆ

ಎಫ್‌ಪಿವಿ (ವಿಮಾನದ ಕ್ಯಾಮೆರಾ ಕಳುಹಿಸುವ ಚಿತ್ರವನ್ನು ಗಾಗಲ್ಸ್‌ನಲ್ಲಿ ನೋಡುತ್ತ ಹಾರಿಸುವ) ಹಾರಾಟಕ್ಕೆಂದು ತಂದ ಮೊದಲ ರೇಡಿಯೋ ನಿಯಂತ್ರಿತ ವಿಮಾನ ಎರಡು ಮೂರು ಹಾರಾಟಗಳಲ್ಲೇ ಪುಡಿಯಾಯಿತು ಎನ್ನುವವರನ್ನು ವಿಚಾರಿಸಿ ನೋಡಿ, ಕಥೆ ಹೆಚ್ಚುಕಡಿಮೆ ಒಂದೇ. ಚಿತ್ರ ನೋಡಿ ಮಾದರಿಯನ್ನು ಮೆಚ್ಚಿದರು, ತರಿಸಿದರು, ಆಮೇಲೆ ಕ್ಯಾಮೆರಾ, ವಿಡಿಯೋ ಟ್ರಾನ್ಸ್‌ಮಿಟರ್, ಜಿಪಿಎಸ್, ದೊಡ್ಡ ಬ್ಯಾಟರಿ ಎಲ್ಲವನ್ನೂ ಅದರ ಹೊಟ್ಟೆಗೆ ತುರುಕಿದರು. ಖಾಲಿಯಿದ್ದಾಗ ಹಗುರಾಗಿ ತೇಲುತ್ತಿದ್ದ ವಿಮಾನ ತುಂಬಿದ ಮೇಲೆ ಕಲ್ಲಿನಂತೆ ಇಳಿಯಿತು. ಮಾದರಿ ಕೆಟ್ಟದ್ದಾಗಿರಲಿಲ್ಲ, ಆಯ್ಕೆಯನ್ನು ಹಿಂದುಮುಂದಾಗಿ ಮಾಡಿದ್ದರು, ಅಷ್ಟೇ.

ಈ ವಿಮಾನ ಕ್ಯಾಮೆರಾ ಹೊತ್ತು ನಿಧಾನವಾಗಿ, ನೆಟ್ಟಗೆ ಹಾರುವ ಹೊರೆಯಾಳು. ಹೊರೆ ಎಷ್ಟೆಂದು ತಿಳಿಯದೆ ಆಳನ್ನು ಗೊತ್ತು ಮಾಡಲಾಗದು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ಕಂಡು ನಗುತ್ತೇವಲ್ಲ, ಈ ಒಂದು ಕೆಲಸದಲ್ಲಿ ಮಾತ್ರ ಕುಲಾವಿಯ ಅಳತೆಯೇ ಮೊದಲು ಬೇಕು. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮುಗಿಸಿ. ಐದನೆಯ ಹಂತಕ್ಕೆ ಬರುವ ಮೊದಲೇ ಯಾವುದಾದರೂ ಮಾದರಿಯ ಹೆಸರು ತಲೆಯಲ್ಲಿ ಕುಳಿತಿದ್ದರೆ ಅದನ್ನು ಬದಿಗಿಡಿ.

ಕೈಯಲ್ಲಿ ಇರಬೇಕಾದ ಸಲಕರಣೆ

ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಡಿಜಿಟಲ್ ತಕ್ಕಡಿ, ಅಳತೆ ಪಟ್ಟಿ, ಕಾಗದ, ಪೆನ್ನು. ಕೊಂಡ ಮೇಲೆ ಬೇಕಾಗುವುದು ಬ್ಯಾಟರಿಯ ಒಂದೊಂದು ಸೆಲ್ಲಿನ ವೋಲ್ಟೇಜ್ ತೋರಿಸುವ ಪುಟ್ಟ ಮೀಟರ್, ಮೋಟರ್ ಎಷ್ಟು ಆಂಪಿಯರ್ ಎಳೆಯುತ್ತದೆಂದು ತೋರಿಸುವ ವಾಟ್ ಮೀಟರ್. ತಕ್ಕಡಿಯಿಲ್ಲದೆ ಈ ಮಾರ್ಗದರ್ಶಿಯ ಅರ್ಧ ಭಾಗ ಉಪಯೋಗಕ್ಕೆ ಬಾರದು. ಅಂದಾಜಿನ ತೂಕ ಯಾವಾಗಲೂ ನಿಜವಾದ ತೂಕಕ್ಕಿಂತ ಕಡಿಮೆಯೇ ಇರುತ್ತದೆ, ಏಕೆಂದರೆ ಅಂಟು, ವೈರು, ಟೇಪುಗಳನ್ನು ಯಾರೂ ಅಂದಾಜಿನಲ್ಲಿ ಸೇರಿಸುವುದಿಲ್ಲ.

ಹಂತ 1: ಗಾಗಲ್ಸ್ ಇಲ್ಲದೆ ಹಾರಿಸಲು ಬರುತ್ತದೆಯೇ?

ಬರಿಗಣ್ಣಿನಲ್ಲಿ ನೋಡುತ್ತ ವಿಮಾನವನ್ನು ಮೇಲೇರಿಸಿ, ಎರಡೂ ಕಡೆಗೆ ತಿರುಗಿಸಿ, ಗುರುತಿಟ್ಟ ಜಾಗದ ಸುಮಾರಿಗೆ ಇಳಿಸಲು ನಿಮಗೆ ಬರಬೇಕು. ವಿಡಿಯೋ ಒಂದು ದಿನ ಕೈಕೊಟ್ಟೇ ಕೊಡುತ್ತದೆ. ಆಗ ಗಾಗಲ್ಸ್ ಮೇಲಕ್ಕೆತ್ತಿ, ಆಕಾಶದಲ್ಲಿ ಒಂದು ಚುಕ್ಕೆಯನ್ನು ಹುಡುಕಿ, ಅದು ನಿಮ್ಮತ್ತ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಎಂದು ಕ್ಷಣದಲ್ಲಿ ತಿಳಿಯಬೇಕು. ವಿಮಾನ ಎದುರು ಬರುವಾಗ ಎಡಬಲ ಅದಲುಬದಲಾಗುವುದಕ್ಕೆ ಕೈ ಒಗ್ಗಿಲ್ಲದವರು ಸಿಕ್ಕಿಬೀಳುವುದು ಇಲ್ಲೇ.

ಇನ್ನೂ ಬರುವುದಿಲ್ಲವೆಂದಾದರೆ ಎರಡು ವಿಮಾನ ಕೊಳ್ಳಬೇಕಾಗಿಲ್ಲ. ಕಲಿಕೆಗೂ ಎಫ್‌ಪಿವಿಗೂ ಒದಗುವ ಒಂದನ್ನೇ ಆರಿಸಬಹುದು. ಐದನೆಯ ಹಂತದಲ್ಲಿ ನಿಮ್ಮ ಆಯ್ಕೆ ಮೋಟರ್ ಇರುವ ಗ್ಲೈಡರ್‌ಗೆ ಮಾತ್ರ ಸೀಮಿತವೆಂದು ಈಗಲೇ ಬರೆದಿಟ್ಟುಕೊಳ್ಳಿ. ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲಿ ಹತ್ತಾರು ಗಂಟೆ ಕಳೆದರೆ ಬೆರಳುಗಳು ಅಗ್ಗವಾಗಿ ಪಳಗುತ್ತವೆ.

ಹಂತ 2: ಮೈದಾನ ಮತ್ತು ನಿಯಮ

ಮೈದಾನದಲ್ಲಿ ನಡೆದು ಅಳೆಯಿರಿ. ಚೆನ್ನಾಗಿ ತೇಲುವ ಫೋಮ್ ವಿಮಾನ ಮೋಟರ್ ನಿಲ್ಲಿಸಿದ ಮೇಲೂ 10 ಮೀಟರ್ ಎತ್ತರದಿಂದ 80–100 ಮೀಟರ್ ದೂರ ಸಾಗಬಲ್ಲದು. ಸುತ್ತ ಮರಗಳಿರುವ ಸಣ್ಣ ಬಯಲಿಗೆ ಎರಡು ಮೀಟರ್ ರೆಕ್ಕೆಯ ವಿಮಾನ ಒಯ್ದರೆ ಇಳಿಸುವುದೇ ಕಷ್ಟ. ನೆಲ ಒರಟಾಗಿದ್ದರೆ ಚಕ್ರಗಳಿರುವ ಮಾದರಿಗಳನ್ನು ಪಟ್ಟಿಯಿಂದ ತೆಗೆದುಹಾಕಿ. ಹೊಟ್ಟೆಯ ಮೇಲೆ ಜಾರಿ ಇಳಿಯುವವು ಸಾಕು.

ಹಲವು ದೇಶಗಳಲ್ಲಿ 250 ಗ್ರಾಂ ತೂಕ ನಿಯಮಗಳ ಒಂದು ಗಡಿ, ಸುಮಾರು 120 ಮೀಟರ್ ಎತ್ತರ ಇನ್ನೊಂದು. ಗಾಗಲ್ಸ್ ಹಾಕಿದವನ ಪಕ್ಕದಲ್ಲಿ ವಿಮಾನವನ್ನು ಬರಿಗಣ್ಣಿನಲ್ಲಿ ನೋಡುತ್ತ ನಿಲ್ಲುವ ಜೊತೆಗಾರ ಇರಬೇಕೆಂಬ ನಿಯಮವೂ ಹಲವೆಡೆ ಇದೆ. ನೀವಿರುವಲ್ಲಿ ಏನಿದೆಯೆಂದು ಕೊಳ್ಳುವ ಮೊದಲೇ ನೋಡಿ, ನೋಂದಣಿ ಬೇಕೋ ಬೇಡವೋ ಎನ್ನುವುದನ್ನು ನಿಮ್ಮ ವಿಮಾನದ ತೂಕ ತೀರ್ಮಾನಿಸಬಹುದು.

ಹಂತ 3: ಹೊರೆಯ ಪಟ್ಟಿ ಬರೆಯಿರಿ

ವಿಡಿಯೋ ವ್ಯವಸ್ಥೆಯನ್ನು ಈಗ ಗೊತ್ತು ಮಾಡಬೇಕು. 5.8 ಗಿಗಾಹರ್ಟ್ಸ್‌ನ ಅನಲಾಗ್ ಅಗ್ಗ, ಹಗುರ. ಕ್ಯಾಮೆರಾ, ಟ್ರಾನ್ಸ್‌ಮಿಟರ್, ಆಂಟೆನಾ ಸೇರಿ 30 ಗ್ರಾಂ ಒಳಗೆ ಮುಗಿಯುತ್ತದೆ. ಚಿತ್ರ ಮಸುಕು, ಆದರೆ ಸಿಗ್ನಲ್ ಕುಂದಿದಂತೆಲ್ಲ ತೆರೆಯ ಮೇಲೆ ಚುಕ್ಕೆಗಳು ಮೆಲ್ಲಗೆ ಹೆಚ್ಚುತ್ತ ಬರುತ್ತವೆ. ಆ ಚುಕ್ಕೆಗಳೇ ‘ಹಿಂದಿರುಗು’ ಎಂಬ ಎಚ್ಚರಿಕೆ. ಡಿಜೆಐ, ವಾಕ್‌ಸ್ನೇಲ್‌ನಂಥ ಡಿಜಿಟಲ್ ವ್ಯವಸ್ಥೆಗಳಲ್ಲಿ ಚಿತ್ರ ಸ್ಫಟಿಕದಂತೆ ಸ್ವಚ್ಛ. ಗಡಿ ದಾಟಿದಾಗ ಮಾತ್ರ ಚಿತ್ರ ಚೌಕಚೌಕವಾಗಿ ಒಡೆದು, ಕೆಲವೊಮ್ಮೆ ಅಲ್ಲೇ ನಿಂತುಬಿಡುತ್ತದೆ. ದೊಡ್ಡ ಡಿಜಿಟಲ್ ಘಟಕಗಳು 30–40 ಗ್ರಾಂ ತೂಗುತ್ತವೆ, ಬಿಸಿಯೂ ಜಾಸ್ತಿ.

ಮೊಬೈಲ್ ಫೋನಿಗೆ ವೈಫೈ ಮೂಲಕ ಚಿತ್ರ ಕಳುಹಿಸುವ ಆಟಿಕೆ ಮಾದರಿಗಳಿಗೂ ಪೆಟ್ಟಿಗೆಯ ಮೇಲೆ ‘ಎಫ್‌ಪಿವಿ’ ಎಂದೇ ಅಚ್ಚು ಹಾಕಿರುತ್ತಾರೆ. ಅದರಲ್ಲಿ ಚಿತ್ರ ತಡವಾಗಿ ಬರುತ್ತದೆ, ಆಗಾಗ ತಡೆಯುತ್ತದೆ. ಮರ ನಿಮ್ಮ ತೆರೆಯಲ್ಲಿ ಕಾಣಿಸುವ ಹೊತ್ತಿಗೆ ವಿಮಾನ ಅದರ ಕೊಂಬೆಯಲ್ಲಿರುತ್ತದೆ. ಚಿತ್ರ ನೋಡಿ ಖುಷಿಪಡಲು ಸರಿ, ಅದನ್ನು ನಂಬಿ ಹಾರಿಸಲಾಗದು.

ರೇಡಿಯೋ ತರಂಗಗಳ ಹೊಂದಾಣಿಕೆಯನ್ನೂ ಇಲ್ಲೇ ಮುಗಿಸಿ. ರಿಮೋಟ್ 2.4 ಗಿಗಾಹರ್ಟ್ಸ್, ವಿಡಿಯೋ 5.8 ಇದ್ದರೆ ಎರಡೂ ಒಂದರ ದಾರಿಗೆ ಇನ್ನೊಂದು ಬರುವುದಿಲ್ಲ. ದೂರ ಹೆಚ್ಚು ಸಿಗುತ್ತದೆಂದು 1.2 ಗಿಗಾಹರ್ಟ್ಸ್ ವಿಡಿಯೋಗೆ ಕೈ ಹಾಕಿದರೆ ಅದರ ಇಮ್ಮಡಿ ಆವರ್ತನ ನೇರವಾಗಿ 2.4ರ ಮೇಲೆ ಬಂದು ಕೂರುತ್ತದೆ, ರಿಮೋಟಿನ ಆಜ್ಞೆ ಕೇಳುವ ರಿಸೀವರ್ ಕಿವುಡಾಗುತ್ತದೆ. ಮೊದಲ ವಿಮಾನಕ್ಕೆ ಅದು ಬೇಡ. ವಿಡಿಯೋ ಆಂಟೆನಾಗಳು ವೃತ್ತಾಕಾರ ಧ್ರುವೀಕರಣದವಾಗಿದ್ದರೆ (ತರಂಗ ತಿರುಪಿನಂತೆ ಸುತ್ತುತ್ತ ಸಾಗುವ ಬಗೆ) ವಿಮಾನದಲ್ಲಿರುವುದೂ ಗಾಗಲ್ಸ್‌ನಲ್ಲಿರುವುದೂ ಒಂದೇ ಸುತ್ತಿನವಾಗಿರಬೇಕು, ಎರಡೂ ಎಡ ಅಥವಾ ಎರಡೂ ಬಲ. ಬೇರೆಬೇರೆಯಾದರೆ ನೂರು ಮೀಟರಿಗೇ ಚಿತ್ರ ಹಾಳಾಗಬಹುದು. ಆಗ ಜನ ಟ್ರಾನ್ಸ್‌ಮಿಟರನ್ನು ಬೈಯುತ್ತಾರೆ.

ಈಗ ಪಟ್ಟಿ. ಉದಾಹರಣೆಗೆ 1.4 ಮೀಟರ್ ರೆಕ್ಕೆಯ ಒಂದು ವಿಮಾನ:

ಮೋಟರ್, ಸರ್ವೊಗಳು (ರೆಕ್ಕೆ, ಬಾಲದ ಫಲಕಗಳನ್ನು ಅಲುಗಿಸುವ ಪುಟ್ಟ ಮೋಟರುಗಳು) ಸೇರಿ ವಿಮಾನ: 620 ಗ್ರಾಂ
3ಎಸ್ (ಮೂರು ಸೆಲ್ಲಿನ) 2200 ಎಂಎಎಚ್ ಬ್ಯಾಟರಿ: 190 ಗ್ರಾಂ
ಕ್ಯಾಮೆರಾ, ವಿಡಿಯೋ ಟ್ರಾನ್ಸ್‌ಮಿಟರ್, ಆಂಟೆನಾ: 30 ಗ್ರಾಂ
ಫ್ಲೈಟ್ ಕಂಟ್ರೋಲರ್ (ವಿಮಾನವನ್ನು ಸ್ಥಿರವಾಗಿಡುವ ಪುಟ್ಟ ಕಂಪ್ಯೂಟರ್), ಜಿಪಿಎಸ್: 35 ಗ್ರಾಂ
ರಿಸೀವರ್: 5 ಗ್ರಾಂ
ವೈರು, ಕನೆಕ್ಟರ್, ಅಂಟು, ಟೇಪು: 40 ಗ್ರಾಂ

ಒಟ್ಟು 920 ಗ್ರಾಂ. ಮಾರುವವರು ಪ್ರಕಟಿಸುವ ತೂಕ ಮೊದಲ ಸಾಲಿನದು ಮಾತ್ರ. ಉಳಿದ 300 ಗ್ರಾಂ ನಿಮ್ಮದು, ಅಂದರೆ ವಿಮಾನದ ತೂಕದ ಅರ್ಧದಷ್ಟು. ಮೇಲೊಂದು ಆಕ್ಷನ್ ಕ್ಯಾಮೆರಾ ಕಟ್ಟಿದರೆ ಇನ್ನೂ 150 ಗ್ರಾಂ.

ಹಂತ 4: ರೆಕ್ಕೆಯ ಮೇಲಿನ ಹೊರೆ ಲೆಕ್ಕ ಹಾಕಿ

ಈ ಹಂತವನ್ನು ಹಾರಿಸಿ ಮುಂದೆ ಹೋದವರೇ ಹೆಚ್ಚಾಗಿ ಸೋಲುವವರು. ಗಣಿತ ಐದನೆಯ ತರಗತಿಯದು. ಹಾರುವ ಒಟ್ಟು ತೂಕವನ್ನು ರೆಕ್ಕೆಯ ವಿಸ್ತೀರ್ಣದಿಂದ ಭಾಗಿಸಬೇಕು.

ವಿಸ್ತೀರ್ಣ ಕೊಟ್ಟಿಲ್ಲದಿದ್ದರೆ ರೆಕ್ಕೆಯ ತುದಿಯಿಂದ ತುದಿಗಿರುವ ಉದ್ದವನ್ನು ಸರಾಸರಿ ಅಗಲದಿಂದ ಗುಣಿಸಿ. 140 ಸೆಂಟಿಮೀಟರ್ ಉದ್ದ, ಸರಾಸರಿ 17 ಸೆಂಟಿಮೀಟರ್ ಅಗಲವೆಂದರೆ 2380 ಚದರ ಸೆಂಟಿಮೀಟರ್. ನೂರು ಚದರ ಸೆಂಟಿಮೀಟರಿಗೆ ಒಂದು ಚದರ ಡೆಸಿಮೀಟರ್, ಹಾಗಾಗಿ ಸುಮಾರು 24. ನಮ್ಮ 920 ಗ್ರಾಮನ್ನು 24ರಿಂದ ಭಾಗಿಸಿದರೆ ಚದರ ಡೆಸಿಮೀಟರಿಗೆ 38 ಗ್ರಾಂ. ಆಕ್ಷನ್ ಕ್ಯಾಮೆರಾ ಸೇರಿಸಿದರೆ 45 ಮುಟ್ಟುತ್ತದೆ.

1.2ರಿಂದ 1.6 ಮೀಟರ್ ರೆಕ್ಕೆಯ ವಿಮಾನಗಳಿಗೆ ನಾನು ಹಾಕಿಕೊಂಡ ಅಳತೆಗೋಲು ಹೀಗಿದೆ: 35ರ ಒಳಗಿದ್ದರೆ ಕಲಿಯುವವರಿಗೂ ಸರಿ. 45ರ ತನಕ ಮೊದಲ ಎಫ್‌ಪಿವಿ ವಿಮಾನಕ್ಕೆ ಒಪ್ಪಿಗೆ. ಅಲ್ಲಿಂದ 55ರವರೆಗೆ ಕೈ ಪಳಗಿದವರಿಗೆ. 60 ದಾಟಿದರೆ ಆ ಮಾದರಿಯನ್ನು ಅಲ್ಲಿಗೇ ಬಿಡಿ. 90 ಸೆಂಟಿಮೀಟರಿಗಿಂತ ಚಿಕ್ಕ ವಿಮಾನಗಳಿಗೆ ಇದೇ ಅಂಕಿ ಬಳಸಬೇಡಿ, ಹೊರೆ ಒಂದೇ ಇದ್ದರೂ ಚಿಕ್ಕದು ಹೆಚ್ಚು ಚುರುಕಾಗಿ, ಹೆಚ್ಚು ಹಠಮಾರಿಯಾಗಿ ಹಾರುತ್ತದೆ. ಅವಕ್ಕೆ 30ರ ಆಸುಪಾಸು ಇರಲಿ.

ಈ ಅಂಕಿಗೆ ಇಷ್ಟು ಮಹತ್ವ ಏಕೆಂದರೆ ವಿಮಾನ ಯಾವ ವೇಗಕ್ಕಿಂತ ನಿಧಾನವಾದರೆ ತೇಲುವುದನ್ನು ಬಿಟ್ಟು ಕುಸಿಯುತ್ತದೆ ಎನ್ನುವುದನ್ನು ಇದು ಹೇಳುತ್ತದೆ. ಆ ವೇಗವನ್ನು ಸ್ಟಾಲ್ ವೇಗವೆನ್ನುತ್ತಾರೆ, ಅದು ಹೊರೆಯ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಸಾಧಾರಣ ರೆಕ್ಕೆಯಲ್ಲಿ 40 ಗ್ರಾಂ ಹೊರೆಗೆ ಅದು ಗಂಟೆಗೆ ಸುಮಾರು 27 ಕಿಲೋಮೀಟರ್. 60ಕ್ಕೆ ಸುಮಾರು 33. ಆರು ಕಿಲೋಮೀಟರ್ ಸಣ್ಣ ಅಂತರವೆನಿಸಬಹುದು. ಆದರೆ ಕೈಯಿಂದ ಎಸೆದ ವಿಮಾನ ಆ ವೇಗವನ್ನು ಎದುರಿನ ನೆಲ ತಾಗುವ ಮೊದಲು ಗಳಿಸಬೇಕು, ನೀವು ಎಸೆಯಬಲ್ಲ ವೇಗವೋ ಅದಕ್ಕಿಂತ ಕಡಿಮೆ. ಅಂತರವನ್ನು ತುಂಬಬೇಕಾದದ್ದು ಮೋಟರ್, ಅದಕ್ಕಿರುವ ಸಮಯ ಒಂದೆರಡು ಸೆಕೆಂಡು.

ಹಂತ 5: ಆಕಾರ ಆರಿಸಿ

ಹಿಂಬದಿ ಮೋಟರಿನ ಗ್ಲೈಡರ್. ಬಿಕ್ಸ್‌ಲರ್, ಈಸಿಸ್ಟಾರ್ ಜಾತಿಯವು. ರೆಕ್ಕೆ ಮೇಲೆ, ಮೋಟರ್ ರೆಕ್ಕೆಯ ಹಿಂದೆ ಎತ್ತರದಲ್ಲಿ, ಮೂಗು ಖಾಲಿ. ಕ್ಯಾಮೆರಾದ ಮುಂದೆ ಪ್ರೊಪೆಲ್ಲರ್ ತಿರುಗುವುದಿಲ್ಲ, ಮೂಗು ನೆಲಕ್ಕೆ ಬಡಿದರೆ ಮೋಟರ್ ಉಳಿಯುತ್ತದೆ, ಎಸೆಯುವ ಕೈಗೆ ಪ್ರೊಪೆಲ್ಲರ್ ದೂರ. ಮೊದಲ ವಿಮಾನಕ್ಕೆ ನನ್ನ ಮತ ಇದಕ್ಕೇ. ಒಂದು ದುರ್ಗುಣವನ್ನು ಮೊದಲೇ ತಿಳಿದಿರಿ: ಮೋಟರ್ ಎತ್ತರದಲ್ಲಿರುವುದರಿಂದ ಥ್ರಾಟಲನ್ನು (ಮೋಟರಿನ ವೇಗ ಏರಿಸಿ ಇಳಿಸುವ ಸ್ಟಿಕ್) ಒಮ್ಮೆಲೇ ಪೂರ್ತಿ ಕೊಟ್ಟರೆ ಮೂಗು ಕೆಳಗೆ ಬಾಗುತ್ತದೆ. ಹೊಸಬರು ಹೆದರಿ ಥ್ರಾಟಲ್ ಕೊಟ್ಟಷ್ಟೂ ವಿಮಾನ ನೆಲದತ್ತ ಇಳಿಯುತ್ತದೆ. ಎಸೆಯುವಾಗ ಮುಕ್ಕಾಲು ಥ್ರಾಟಲ್, ಎಲಿವೇಟರ್ (ಮೂಗನ್ನು ಏರಿಸಿ ಇಳಿಸುವ ಬಾಲದ ಫಲಕ) ತುಸು ಮೇಲೆ.

ಬಾಲವಿಲ್ಲದ ರೆಕ್ಕೆ. ಹಾರುವ ವಿಡಿಯೋಗಳಲ್ಲಿ ಎಲ್ಲರ ಕಣ್ಣು ಕೋರೈಸುವುದು ಇದು. ಭಾಗಗಳು ಕಡಿಮೆ, ಸರ್ವೊ ಎರಡೇ, ಇಪಿಪಿ ಫೋಮಿನದಾದರೆ ಬಿದ್ದರೂ ಪುಟಿದು ಮೊದಲಿನಂತಾಗುತ್ತದೆ. ನಾನು ಮೊದಲು ಕೊಂಡದ್ದೂ ಇದನ್ನೇ. ಮೂರನೆಯ ಎಸೆತದಲ್ಲಿ ಅದು ನನ್ನ ಹೆಗಲ ಮೇಲಿಂದ ತಿರುಗಿ ಹಿಂದಿನ ಬೇಲಿಗೆ ಸಿಕ್ಕಿಕೊಂಡಿತು. ಗುರುತ್ವ ಕೇಂದ್ರ ಐದಾರು ಮಿಲಿಮೀಟರ್ ಹಿಂದಾದರೂ ಇದು ಕ್ಷಮಿಸುವುದಿಲ್ಲ. ಪ್ರೊಪೆಲ್ಲರ್ ಹಿಂದಿರುವುದರಿಂದ, ಮೇಲಿನಿಂದ ಹಿಡಿದು ಎಸೆದರೆ ಬೆರಳುಗಳು ಅದರ ದಾರಿಯಲ್ಲೇ ಹಾದುಹೋಗುತ್ತವೆ. ವಿಮಾನ ಕೈಬಿಟ್ಟ ಮೇಲೆಯೇ ಥ್ರಾಟಲ್ ಕೊಡಬೇಕು. ಎರಡನೆಯ ವಿಮಾನವಾಗಿ ಧಾರಾಳವಾಗಿ ಕೊಳ್ಳಿ.

ವಿ-ಬಾಲದ ದೂರಪಯಣಿಗ. 1.3 ಮೀಟರಿನ ಮಿನಿ ಟ್ಯಾಲನ್ ಈ ಬಗೆಯದು. ಒಡಲು ವಿಶಾಲ, ದೊಡ್ಡ ಬ್ಯಾಟರಿ ನುಂಗುತ್ತದೆ, ಅದೇ ಅದರ ಆಮಿಷವೂ ಹೌದು. ಜಾಗವಿದೆಯೆಂದು ತುಂಬುತ್ತ ಹೋದವರು ಕೊನೆಗೆ ಎಸೆಯಲಾಗದಷ್ಟು ಭಾರವಾದುದನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಾರೆ.

ಎರಡು ಮೋಟರಿನವು. ಮೂಗು ಖಾಲಿ, ಹಾರಾಟ ನೆಟ್ಟಗೆ. ಒಂದು ಮೋಟರ್ ನಿಂತರೆ ವಿಮಾನ ನಿಂತ ಮೋಟರಿನ ಕಡೆಗೆ ತಿರುಗಿಕೊಳ್ಳುತ್ತದೆ. ಜೋಡಿಸುವ ಕೆಲಸವೂ ಇಮ್ಮಡಿ.

ಮುಂಬದಿ ಪ್ರೊಪೆಲ್ಲರಿನ ತರಬೇತಿ ವಿಮಾನ ಈಗಾಗಲೇ ನಿಮ್ಮಲ್ಲಿದ್ದರೆ ಎಸೆಯಬೇಡಿ, ಕ್ಯಾಮೆರಾವನ್ನು ರೆಕ್ಕೆಯ ಮೇಲೆ ಎತ್ತರಿಸಿ ಕೂರಿಸಿದರೆ ಅಭ್ಯಾಸಕ್ಕೆ ಸಾಕು. ಹೊಸದಾಗಿ ಕೊಳ್ಳಲು ಮಾತ್ರ ಕಾರಣವಿಲ್ಲ.

ಹಂತ 6: ಒಡಲೊಳಗಿನ ಜಾಗ

ತೂಕ ಹೊತ್ತರೆ ಸಾಲದು, ಅದು ಸರಿಯಾದ ಜಾಗದಲ್ಲಿ ಕೂರಬೇಕು. ಬಾಲವಿರುವ ವಿಮಾನಗಳಲ್ಲಿ ಗುರುತ್ವ ಕೇಂದ್ರ ಸಾಮಾನ್ಯವಾಗಿ ರೆಕ್ಕೆಯ ಮುಂದಂಚಿನಿಂದ ಸರಾಸರಿ ಅಗಲದ 25–30 ಶೇಕಡಾ ಹಿಂದೆ ಇರುತ್ತದೆ. ಬಾಲವಿಲ್ಲದವುಗಳಲ್ಲಿ ಇನ್ನೂ ಮುಂದೆ, 15–20ರ ಆಸುಪಾಸು. ತಯಾರಕರು ಕೊಟ್ಟ ಗುರುತೇ ಅಂತಿಮ.

ಹಿಂಬದಿ ಮೋಟರಿನ ವಿಮಾನಗಳ ಬಾಲದ ಕಡೆ ಮೊದಲೇ ಭಾರ. ಅದನ್ನು ಸರಿದೂಗಿಸಲು ಬ್ಯಾಟರಿ ಮೂಗಿಗೆ ಹೋಗಬೇಕು, ಕ್ಯಾಮೆರಾ ಕೇಳುವುದೂ ಅದೇ ಮೂಗನ್ನೇ. ಆದ್ದರಿಂದ ಒಡಲಿನ ಒಳಗಿನ ಅಗಲ, ಎತ್ತರ, ಮುಚ್ಚಳದ ಅಳತೆಗಳನ್ನು ಹುಡುಕಿ, ರಟ್ಟಿನಲ್ಲಿ ಅದೇ ಗಾತ್ರದ ಡಬ್ಬಿ ಮಾಡಿ, ನಿಮ್ಮ ಸಾಮಾನುಗಳನ್ನು ಇಟ್ಟು ನೋಡಿ. ಬ್ಯಾಟರಿ ಹಿಂದೆ ಮುಂದೆ ಎರಡು ಮೂರು ಸೆಂಟಿಮೀಟರ್ ಸರಿಯುವಂತಿರಬೇಕು. ಸಮತೋಲಕ್ಕೆಂದು ಮೂಗಿಗೆ ಸೀಸ ಹಾಕಬೇಕಾಗಿ ಬಂದರೆ ಆಯ್ಕೆ ತಪ್ಪಿದೆ. ಏನೂ ಕೆಲಸ ಮಾಡದ ತೂಕವನ್ನು ಹೊತ್ತು ಹಾರುತ್ತೀರಿ.

ಜಿಪಿಎಸ್ ಮತ್ತು ರಿಸೀವರಿನಿಂದ ವಿಡಿಯೋ ಟ್ರಾನ್ಸ್‌ಮಿಟರ್ ಆದಷ್ಟು ದೂರ ಕೂರಬೇಕು, ಅದರ ಮೇಲೆ ಗಾಳಿಯೂ ಹರಿಯಬೇಕು. ಗಾಳಿ ಒಳಗೆ ಬರುವ ಕಿಂಡಿ ಮಾತ್ರವಿದ್ದು ಹೊರಹೋಗುವ ಕಿಂಡಿ ಇಲ್ಲದಿದ್ದರೆ ಗಾಳಿ ಒಳಗೇ ನಿಲ್ಲುತ್ತದೆ. ಹೊರಗಿಂಡಿ ಒಳಗಿಂಡಿಗಿಂತ ದೊಡ್ಡದಿರಲಿ.

ಹಂತ 7: ಮೋಟರ್ ಮತ್ತು ಬ್ಯಾಟರಿ

ಮೋಟರಿನ ಎಳೆತ (ವಿಮಾನವನ್ನು ಮುಂದಕ್ಕೆ ಒಯ್ಯುವ ಬಲ) ಹಾರುವ ತೂಕದ 70 ಶೇಕಡಾ ಇದ್ದರೆ ಗ್ಲೈಡರ್‌ಗೆ ಸಾಕು. ಬಾಲವಿಲ್ಲದ ರೆಕ್ಕೆಗೆ ತೂಕದಷ್ಟೇ ಎಳೆತವಿದ್ದರೆ ಎಸೆತ ಸಲೀಸು. ಖಾಲಿ ತೂಕಕ್ಕೆ ಹೋಲಿಸಿ ‘ಶಕ್ತಿಶಾಲಿ’ ಎಂದು ಬರೆದಿರುತ್ತಾರೆ, ನೀವು 920 ಗ್ರಾಂ ಇಟ್ಟುಕೊಂಡು ನೋಡಿ.

ಹಾರುವ ಸಮಯದ ಲೆಕ್ಕ ಸುಲಭ. 2200 ಎಂಎಎಚ್‌ನಲ್ಲಿ 80 ಶೇಕಡಾ ಮಾತ್ರ ಬಳಸಿ, ಅಂದರೆ 1760. ಸರಾಸರಿ 7 ಆಂಪಿಯರ್ ಎಳೆದರೆ 15 ನಿಮಿಷ. ಮೊದಲ ವಿಮಾನಕ್ಕೆ ಅಷ್ಟು ಧಾರಾಳ. ಲೀಥಿಯಂ-ಅಯಾನ್ ಸೆಲ್ಲುಗಳು ಅದೇ ತೂಕಕ್ಕೆ ಹೆಚ್ಚು ಹೊತ್ತು ಒದಗುತ್ತವೆ, ಆದರೆ ಲಿಪೊದಂತೆ (ಲೀಥಿಯಂ-ಪಾಲಿಮರ್ ಬ್ಯಾಟರಿ) ಒಮ್ಮೆಗೇ ಹೆಚ್ಚು ಕರೆಂಟ್ ಕೊಡಲಾರವು. ಎಸೆಯುವ ಹೊತ್ತಿಗೆ ವೋಲ್ಟೇಜ್ ಕುಸಿದು ಮೋಟರ್ ಸೊರಗಿದರೆ ಕಾರಣ ಅದೇ.

ಸರ್ವೊಗಳಿಗೂ ರಿಸೀವರಿಗೂ 5 ವೋಲ್ಟ್ ಕೊಡುವ ಬಿಇಸಿ ಎಷ್ಟು ಆಂಪಿಯರ್ ತಾಳುತ್ತದೆ ನೋಡಿ. ನಾಲ್ಕು ಸರ್ವೊ, ಕ್ಯಾಮೆರಾ, ಜಿಪಿಎಸ್ ಎಲ್ಲವನ್ನೂ ಒಂದು ಬಡಪಾಯಿ ಬಿಇಸಿಗೆ ಹೊರಿಸಿದರೆ ಜೋರಾಗಿ ತಿರುಗಿಸಿದಾಗ ರಿಸೀವರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಆ ಅರೆಕ್ಷಣ ವಿಮಾನ ಯಾರ ಮಾತನ್ನೂ ಕೇಳುವುದಿಲ್ಲ.

ಹಂತ 8: ಪೆಟ್ಟಿಗೆಯಲ್ಲಿ ಏನಿದೆ?

‘ಕಿಟ್’ ಎಂದರೆ ಬರಿಯ ಫೋಮು. ‘ಪಿಎನ್‌ಪಿ’ ಎಂದರೆ ಮೋಟರ್, ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ), ಸರ್ವೊ ಕೂರಿಸಿದ್ದು. ರಿಸೀವರ್, ಬ್ಯಾಟರಿ ನಿಮ್ಮವು. ‘ಆರ್‌ಟಿಎಫ್’ನಲ್ಲಿ ರಿಮೋಟ್ ಸಹಿತ ಎಲ್ಲವೂ ಇರುತ್ತದೆ, ಆದರೆ ಅಗ್ಗದ ಸೆಟ್ಟುಗಳ ರಿಮೋಟ್ ಆ ಒಂದು ವಿಮಾನಕ್ಕಷ್ಟೇ ಉಪಯೋಗ. ಹೆಚ್ಚಿನವರಿಗೆ ಪಿಎನ್‌ಪಿ ಸರಿ. ‘ಎಫ್‌ಪಿವಿಗೆ ಸಿದ್ಧ’ ಎಂಬ ಮಾತಿಗೆ ಅನೇಕ ಸಲ ಮೂಗಿನಲ್ಲೊಂದು ತೂತಿದೆ ಎಂದಷ್ಟೇ ಅರ್ಥ. ರೆಕ್ಕೆ, ಮೂಗು, ಪ್ರೊಪೆಲ್ಲರ್ ಬಿಡಿಯಾಗಿ ಸಿಗದ ಮಾದರಿಯನ್ನು ಕೊಳ್ಳಬೇಡಿ.

ಹಳೆಯದನ್ನು ಕೊಳ್ಳುವುದಾದರೆ ಹಿಂದಿನಿಂದ ಕಣ್ಣು ಸಮ ಮಾಡಿ ರೆಕ್ಕೆಗಳು ತಿರುಚಿವೆಯೇ ನೋಡಿ. ಫೋಮಿನ ತಗ್ಗುಗಳು ತೊಂದರೆಯಲ್ಲ, ಬಿಸಿನೀರು ಸುರಿದರೆ ಇಪಿಒ ಎಂಬ ಬಗೆಯ ಫೋಮು ಬಹುಮಟ್ಟಿಗೆ ಉಬ್ಬಿಕೊಳ್ಳುತ್ತದೆ. ಮೋಟರ್ ಕೂರುವ ಜಾಗ ಅಲುಗಾಡಿದರೆ, ಬಾಲದ ಬುಡದಲ್ಲಿ ಬಿರುಕಿದ್ದರೆ, ಸರ್ವೊ ತೋಳು ಸಡಿಲವಿದ್ದರೆ ವಾಪಸು ಬನ್ನಿ.

ಹಂತ 9: ತಂದ ಮೇಲೆ, ಗಾಗಲ್ಸ್ ಹಾಕುವ ಮೊದಲು

ಪ್ರೊಪೆಲ್ಲರ್ ತೆಗೆದಿಟ್ಟು ಶುರು ಮಾಡಿ. ಆಂಟೆನಾ ಸಿಕ್ಕಿಸದೆ ವಿಡಿಯೋ ಟ್ರಾನ್ಸ್‌ಮಿಟರಿಗೆ ವಿದ್ಯುತ್ ಕೊಡಬೇಡಿ, ಸುಟ್ಟುಹೋಗಬಹುದು. ಸ್ಟಿಕ್ ಬಲಕ್ಕೆ ಒತ್ತಿದಾಗ ಬಲ ರೆಕ್ಕೆಯ ಐಲೆರಾನ್ (ಹಿಂದಂಚಿನ ಅಲುಗುವ ಫಲಕ) ಮೇಲೇಳುತ್ತದೆಯೇ? ಬಳಿಕ ಫ್ಲೈಟ್ ಕಂಟ್ರೋಲರಿನ ಸ್ಥಿರೀಕರಣ ಮೋಡ್ ಹಾಕಿ ವಿಮಾನವನ್ನು ಕೈಯಲ್ಲೇ ಬಲಕ್ಕೆ ವಾಲಿಸಿ. ಬಲ ಐಲೆರಾನ್ ಕೆಳಗಿಳಿಯಬೇಕು. ಇದು ಉಲ್ಟಾ ಇದ್ದುದನ್ನು ನೋಡದೆ ಎಸೆದರೆ ಸ್ಥಿರೀಕರಣವೇ ವಿಮಾನವನ್ನು ಮಗುಚಿಹಾಕುತ್ತದೆ. ಆಮೇಲೆ ಥ್ರಾಟಲ್ ಅರ್ಧಕ್ಕಿಟ್ಟು ರಿಮೋಟ್ ಆಫ್ ಮಾಡಿ. ಮೋಟರ್ ನಿಲ್ಲಬೇಕು, ಅಥವಾ ಕಂಟ್ರೋಲರ್ ಮನೆಗೆ ಮರಳುವ ಮೋಡಿಗೆ ಹೋಗಬೇಕು. ಹಳೆಯ ಆಜ್ಞೆಯನ್ನೇ ಹಿಡಿದು ತಿರುಗುತ್ತಿದ್ದರೆ ಅದನ್ನು ಸರಿಪಡಿಸುವವರೆಗೆ ಮನೆಯಿಂದ ಹೊರಗೆ ಒಯ್ಯಬೇಡಿ.

ಮೊದಲ ಹಾರಾಟ ಬರಿಗಣ್ಣಿನಲ್ಲಿ, ವಿಡಿಯೋ ಸಾಮಾನಿನ ಬದಲು ಅಷ್ಟೇ ತೂಕದ ಮರದ ತುಂಡು ಅಥವಾ ಮರಳಿನ ಪೊಟ್ಟಣ ಕಟ್ಟಿ. ಎತ್ತರದಲ್ಲಿ ಥ್ರಾಟಲ್ ಇಳಿಸುತ್ತ ಅದು ಯಾವಾಗ, ಯಾವ ಕಡೆಗೆ ಕುಸಿಯುತ್ತದೆ ನೋಡಿ. ಮೂಗು ಮೆಲ್ಲಗೆ ಬಾಗಿ ಮತ್ತೆ ಹಾರಿದರೆ ಒಳ್ಳೆಯದು. ರೆಕ್ಕೆ ಥಟ್ಟನೆ ಒಂದು ಪಕ್ಕಕ್ಕೆ ಬಿದ್ದರೆ ಗುರುತ್ವ ಕೇಂದ್ರ ಹಿಂದಿದೆ, ಇಲ್ಲವೇ ರೆಕ್ಕೆ ತಿರುಚಿದೆ. ಈ ವಿಮಾನಕ್ಕೆ ಈಗಲೇ ಕ್ಯಾಮೆರಾ ಕಟ್ಟಬೇಡಿ.

ಎರಡನೆಯ ಸುತ್ತಿನಲ್ಲಿ ಕ್ಯಾಮೆರಾ ಇರಲಿ, ಗಾಗಲ್ಸ್ ಜೊತೆಗಾರ ಹಾಕಿಕೊಳ್ಳಲಿ, ಹಾರಿಸುವವರು ನೀವೇ. ಚಿತ್ರ ಎಲ್ಲಿ ಕೆಡುತ್ತದೆ, ಜೆಲ್ಲಿಯಂತೆ ನಡುಗುತ್ತದೆಯೇ ಎಂದು ಅವರು ಹೇಳುತ್ತಿರಲಿ. ನಡುಗುವುದಕ್ಕೆ ಹೆಚ್ಚಿನ ಸಲ ಕಾರಣ ಸಮತೋಲವಿಲ್ಲದ ಪ್ರೊಪೆಲ್ಲರ್.

ಮೂರನೆಯ ಸುತ್ತಿನಲ್ಲಿ ಗಾಗಲ್ಸ್ ನಿಮ್ಮದು. ಬರಿಗಣ್ಣಿನಲ್ಲೇ 60–70 ಮೀಟರ್ ಎತ್ತರಕ್ಕೆ ಒಯ್ದು, ಸ್ಥಿರೀಕರಣ ಹಾಕಿ, ಆಮೇಲೆ ಗಾಗಲ್ಸ್ ಇಳಿಸಿಕೊಳ್ಳಿ. ಮೊದಲು ಗಾಳಿಗೆ ಎದುರಾಗಿ ಹೋಗಿ, ಮರಳುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ. ತಿರುಗಾಮುರುಗಾ ಮಾಡಿದವರ ಬ್ಯಾಟರಿ ದಾರಿಯಲ್ಲೇ ಮುಗಿಯುತ್ತದೆ. ಲಿಪೊ ಸೆಲ್ 3.5 ವೋಲ್ಟಿಗೆ ಬಂದಾಗ ವಿಮಾನ ತಲೆಯ ಮೇಲಿರಬೇಕು. ಇಳಿಸುವಾಗ ಮತ್ತೆ ಬರಿಗಣ್ಣು: ಅಗಲ ನೋಟದ ಲೆನ್ಸಿನಲ್ಲಿ ನೆಲ ಇರುವುದಕ್ಕಿಂತ ದೂರ ಕಾಣುತ್ತದೆ, ಇನ್ನೂ ಎತ್ತರವಿದೆಯೆಂದುಕೊಳ್ಳುವಷ್ಟರಲ್ಲಿ ತೆರೆಯ ತುಂಬ ಹುಲ್ಲು.

ಕೆಳಗಿಳಿದ ಕೂಡಲೇ ಮೋಟರ್, ಇಎಸ್‌ಸಿ, ಬ್ಯಾಟರಿಗಳನ್ನು ಮುಟ್ಟಿ ನೋಡಿ. ಕೈಯಿಟ್ಟು ಹಿಡಿದುಕೊಳ್ಳಲಾಗದಷ್ಟು ಬಿಸಿಯಿದ್ದರೆ ಪ್ರೊಪೆಲ್ಲರ್ ಒಂದು ಅಳತೆ ಚಿಕ್ಕದು ಹಾಕಿ, ವಾಟ್ ಮೀಟರ್ ಇಟ್ಟು ಮತ್ತೆ ಅಳೆಯಿರಿ. ಆ ಆಕ್ಷನ್ ಕ್ಯಾಮೆರಾ ಅಲ್ಲಿಯವರೆಗೆ ಚೀಲದಲ್ಲೇ ಇರಲಿ.